ಕಾಡಲ್ಲಿ ಬೈಕ್ ಓಡಿಸಬೇಕಾ? ಮೊದಲು ಅರ್ಜಿ ಬರೆಯಿರಿ

(ಪುಣೆಯಲ್ಲಿ ನಮ್ಮ ಕನ್ನಡಿಗ ಗೆಳೆಯರು ಸೇರಿದ್ದ ಒಂದು ಸಂಜೆ ಆಡಿದ ಮಾತು ಇದು. ಎಲ್ಲವನ್ನೂ ಹಾಗ್ಹಾಗೇ ಇಳಿಸಿಲ್ಲ. ಮೈಕ್ ಕೈಕೊಟ್ಟಿದ್ದು, ಚಹಾ ಬಂತು ಅಂತ ಹಿಂದಿನ ಸಾಲಿನವರು ಎದ್ದು ಹೋಗಿದ್ದು, ಇವನ್ನೆಲ್ಲ ಬಿಟ್ಟಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮುಖ್ಯ ಅನಿಸಿದ್ದನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಎರಡು ಥರದವರು ಇದ್ದೀರಿ. ಭಾನುವಾರ ಬೆಳಗಿನ ಜಾವ ಎದ್ದು, ಬೂಟು ಏರಿಸಿ, ಸೊಸೈಟಿ ಗೇಟಿನ ಹತ್ತಿರ ಬೈಕ್ ಸ್ಟಾರ್ಟ್ ಮಾಡುವವರು ಕೆಲವರು. ಆ ಸದ್ದಿಗೆ ಎಚ್ಚರವಾಗಿ ಹಾಸಿಗೆಯಲ್ಲೇ ಬೈದುಕೊಳ್ಳುವವರು ಮಿಕ್ಕವರು. ನಾನು ಮೊದಲನೇ ಗುಂಪಿನವನು. ಆದರೆ ಇವತ್ತಿನ ಮಾತು ನನ್ನ ಗುಂಪಿನವರಿಗೇ ಜಾಸ್ತಿ ಹಿಡಿಸಲಿಕ್ಕಿಲ್ಲ.

ವಿಷಯ ಇಷ್ಟೇ. ಕಾಡಿನ ದಾರಿಯಲ್ಲಿ ಬೈಕ್ ಓಡಿಸುವ ಹಕ್ಕು ನಮಗಿಲ್ಲ. ಯಾವತ್ತೂ ಇರಲಿಲ್ಲ. ಇಷ್ಟು ದಿನ ಓಡಿಸಿದ್ದು ಯಾರೂ ಕೇಳಲಿಲ್ಲ ಅನ್ನುವ ಒಂದೇ ಕಾರಣಕ್ಕೆ. ಈಗ ಕೇಳೋಕೆ ಶುರು ಮಾಡಿದ್ದಾರೆ, ಅಲ್ಲಲ್ಲಿ ಗೇಟ್ ಬಿದ್ದಿದೆ, ಅಗಳು ತೋಡಿದ್ದಾರೆ. "ನಮ್ಮ ದಾರಿ ಮುಚ್ಚಿಬಿಟ್ಟರು" ಅಂತ ನಾವು ಅಳುತ್ತಾ ಕೂತಿದ್ದೇವೆ. ಅದರ ಬದಲು ಎಲ್ಲಿ, ಯಾವ ತಿಂಗಳು, ಎಷ್ಟು ಬೈಕು ಅಂತ ಕಾಗದದ ಮೇಲೆ ಬರೆದು ಕೇಳೋಣ. ಅದೂ ಸ್ವಲ್ಪವೇ ಕೇಳೋಣ. ಒಂದೋ ಎರಡೋ ದಾರಿ, ಸಾಕು.

ಹತ್ತು ಹದಿನೈದು ವರ್ಷದ ಹಿಂದೆ ಈ ಗಲಾಟೆಯೇ ಇರಲಿಲ್ಲ, ಯಾಕೆಂದರೆ ಅಂಥ ಬೈಕೇ ಸಿಗುತ್ತಿರಲಿಲ್ಲ. 2011ರಲ್ಲಿ ಹೀರೋದವರು ಇಂಪಲ್ಸ್ ಅಂತ 150 ಸಿಸಿ ಬೈಕ್ ತಂದರು. ಎತ್ತರದ ಮಡ್‌ಗಾರ್ಡು, ಉದ್ದನೆ ಸಸ್ಪೆನ್ಷನ್ನು. ಜಾಸ್ತಿ ಮಾರಾಟವಾಗದೆ ನಿಂತುಹೋಯಿತು. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬಂತು. 2019ರಲ್ಲಿ ಹೀರೋದವರೇ ಮತ್ತೆ ಎಕ್ಸ್‌ಪಲ್ಸ್ 200 ತಂದರು, ಬೆಲೆ ಒಂದು ಲಕ್ಷದ ಆಸುಪಾಸು. ಜನಜಂಗುಳಿ ಶುರುವಾಗಿದ್ದು ಅಲ್ಲಿಂದ. ಮರುವರ್ಷ ಕೆಟಿಎಂ 390 ಅಡ್ವೆಂಚರ್ ಬಂತು. ಅದು ತಯಾರಾಗೋದು ಇಲ್ಲೇ ನಮ್ಮ ಚಾಕಣದಲ್ಲಿ, ಅದರ ನಟ್ಟು ಬೋಲ್ಟು ಬಿಗಿದವರು ಈ ಹಾಲ್‌ನಲ್ಲೇ ಇದ್ದರೂ ಇರಬಹುದು. ಬೈಕ್ ಕೊಂಡವನು ಜಾಹೀರಾತಿನಲ್ಲಿ ಏನು ನೋಡಿದ್ದಾನೆ? ಹೊಳೆ ದಾಟೋದು, ಗುಡ್ಡ ಹತ್ತೋದು. ಇಎಂಐ ಕಟ್ಟುತ್ತಾ ಹಿಂಜವಡಿ ಟ್ರಾಫಿಕ್ಕಲ್ಲಿ ನಿಂತಿರುತ್ತಾನೆ ಪಾಪ. ವಾರಕ್ಕೊಮ್ಮೆಯಾದರೂ ಮಣ್ಣು ಬೇಕು ಅನ್ನಿಸೋದು ಸಹಜ. ಆದರೆ ಆ ಮಣ್ಣು ಯಾರದ್ದು ಅಂತ ಶೋರೂಮಿನಲ್ಲಿ ಯಾರೂ ಹೇಳಿರುವುದಿಲ್ಲ.

(ಇದರ ನಡುವೆ ಒಂದು ಮಾತು. ನಾವು ಗ್ಲೌಸು, ಎದೆಗೆ ಗಾರ್ಡು ಹಾಕಿಕೊಂಡು ಏದುಸಿರು ಬಿಡುತ್ತಾ ಹತ್ತುವ ಎಷ್ಟೋ ದಾರಿಯಲ್ಲಿ ಹಾಲಿನ ಕ್ಯಾನ್ ನೇತುಹಾಕಿಕೊಂಡು ಹಳೇ ಸ್ಪ್ಲೆಂಡರ್‌ನಲ್ಲಿ ಒಬ್ಬರು ಆರಾಮಾಗಿ ನಮ್ಮನ್ನು ದಾಟಿ ಹೋಗುತ್ತಾರೆ. ಅವರು ಅದನ್ನು ಆಫ್‌ರೋಡ್ ಅನ್ನುವುದಿಲ್ಲ. ಮನೆಗೆ ಹೋಗುತ್ತಿರುತ್ತಾರೆ.)

ಸರಿ, ಆ ಜಾಗ ಯಾರದ್ದು? ಪುಣೆ ಹತ್ತಿರದ ಮುಳಶಿ ಕಡೆಗೋ ವೇಲ್ಹೆ ಕಡೆಗೋ ಹೋದರೆ ಕಣ್ಣಿಗೆ ಎಲ್ಲಾ ಒಂದೇ ಗುಡ್ಡ. ದಾಖಲೆಯಲ್ಲಿ ಹಾಗಿರುವುದಿಲ್ಲ. ಒಂದು ತುಂಡು ಖಾಸಗಿ. ಪಕ್ಕದ್ದು ಗಾಯರಾನ, ಅಂದರೆ ನಮ್ಮ ಕಡೆಯ ಗೋಮಾಳ. ಅದರ ಪಕ್ಕದ್ದು ಅರಣ್ಯ ಇಲಾಖೆಯದ್ದು. ಅದರಾಚೆ ಅಭಯಾರಣ್ಯ. ಊರಲ್ಲಿ ಪಹಣಿ ತೆಗೆಸುತ್ತೇವಲ್ಲ, ಇಲ್ಲಿ ಸಾತ್‌ಬಾರಾ. ಗಟ್ ನಂಬರ್, ಅಂದರೆ ನಮ್ಮ ಸರ್ವೆ ನಂಬರಿನಂಥದ್ದು, ಹಾಕಿ ತೆಗೆದರೆ ಯಾರ ಹೆಸರಲ್ಲಿದೆ ಅಂತ ಗೊತ್ತಾಗುತ್ತದೆ. ಹೊಸ ದಾರಿ ಹುಡುಕುವವರು ಟಯರಿನ ಗಾಳಿ ನೋಡುವ ಮೊದಲು ಇದನ್ನು ನೋಡಿ ಅಂತ ಹೇಳುತ್ತಲೇ ಇರುತ್ತೇನೆ. ಯಾರೂ ನೋಡುವುದಿಲ್ಲ.

"ಅರಣ್ಯ ಅಂದರೆ ಸರ್ಕಾರದ್ದು, ಸರ್ಕಾರದ್ದು ಅಂದರೆ ನಮ್ಮದೇ" ಅನ್ನುತ್ತಾರೆ ಹುಡುಗರು. ತಹಶೀಲ್ದಾರ್ ಕಚೇರಿಯೂ ಸರ್ಕಾರದ್ದೇ, ಒಳಗೆ ಬೈಕ್ ಬಿಡುತ್ತೀರಾ? 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ ಒಂದು ಜಾಗವನ್ನು ಮೀಸಲು ಅರಣ್ಯ ಮಾಡುವ ವಿಧಾನ ಹೀಗಿದೆ: ಮೊದಲು 4ನೇ ಸೆಕ್ಷನ್ ಪ್ರಕಾರ ನೋಟಿಸ್ ಹೊರಡುತ್ತದೆ, ಯಾರಿಗೆ ಏನೇನು ಹಕ್ಕಿದೆ ಬಂದು ಹೇಳಿ ಅಂತ ಕರೆಯುತ್ತಾರೆ, ಒಬ್ಬ ಅಧಿಕಾರಿ ಕೂತು ದನ ಮೇಯಿಸೋದು, ಸೌದೆ, ನೀರು, ಓಡಾಡುವ ದಾರಿ ಎಲ್ಲ ವಿಚಾರಿಸಿ ಬರೆದುಕೊಳ್ಳುತ್ತಾನೆ, ಯಾರೂ ಬಂದು ಹೇಳದ ಹಕ್ಕು ಹೋದ ಹಾಗೆಯೇ, ಆಮೇಲೆ 20ನೇ ಸೆಕ್ಷನ್ ಪ್ರಕಾರ ಘೋಷಣೆ. ಅಲ್ಲಿಂದಾಚೆ ಅನುಮತಿ ಇಲ್ಲದೆ ಒಳಗೆ ಕಾಲಿಟ್ಟರೆ 26ನೇ ಸೆಕ್ಷನ್ ಕೆಳಗೆ ಅಪರಾಧ. ಊರಿನವರ ಹಳೇ ದಾರಿಗೆ ಮಾತ್ರ ಒಂದು ರಕ್ಷಣೆ ಇದೆ. ಅದನ್ನು ಮುಚ್ಚಬೇಕಾದರೆ ಬದಲಿ ದಾರಿ ಇರಲೇಬೇಕು ಅಂತ 25ನೇ ಸೆಕ್ಷನ್ ಹೇಳುತ್ತದೆ. ಆ ವಿಚಾರಣೆ ನಡೆದಾಗ ಬೈಕ್ ಸವಾರರು ಅಂತ ಯಾರೂ ಎದ್ದು ನಿಂತು ಕೇಳಿರಲಿಲ್ಲ. ಕೇಳೋಕೆ ಬೈಕೇ ಇರಲಿಲ್ಲ ಬಿಡಿ.

ಅಭಯಾರಣ್ಯ ಇನ್ನೂ ಬಿಗಿ. 1972ರ ವನ್ಯಜೀವಿ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಕೆಲಸದ ಮೇಲಿರುವ ಸರ್ಕಾರಿ ನೌಕರರು, ಒಳಗೆ ಜಮೀನಿರುವವರು, ಪರವಾನಗಿ ಪಡೆದವರು, ಸಾರ್ವಜನಿಕ ಹೆದ್ದಾರಿ ಹಿಡಿದು ಹಾದು ಹೋಗುವವರು, ಹೀಗೆ ಕೆಲವರಿಗೆ ಮಾತ್ರ ಪ್ರವೇಶ. ತಾಮ್ಹಿಣಿ ಘಾಟಿನ ಡಾಂಬರು ರಸ್ತೆಯಲ್ಲಿ ಹೋದರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ 2013ರಲ್ಲಿ ಘೋಷಣೆಯಾದ ಅಭಯಾರಣ್ಯ ಇದೆ. ಪಕ್ಕದ ಮಣ್ಣಿನ ದಾರಿ ಚೆನ್ನಾಗಿ ಕಾಣುತ್ತೆ ಅಂತ ಹ್ಯಾಂಡಲ್ ತಿರುಗಿಸಿ ಗಡಿಯೊಳಗೆ ಹೋದರೆ ಬೈಕನ್ನೇ ಜಪ್ತಿ ಮಾಡುವ ಅಧಿಕಾರ ಇಲಾಖೆಗಿದೆ. ನಮಗೆ ಕನ್ನಡಿಗರಿಗೆ ಇದು ಹೊಸದೇನಲ್ಲ. ಬಂಡೀಪುರದಲ್ಲಿ ರಾಷ್ಟ್ರೀಯ ಹೆದ್ದಾರಿಯನ್ನೇ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತಾರೆ. ಡಾಂಬರಿನ ಹೆದ್ದಾರಿಯ ಕಥೆಯೇ ಹೀಗಿರುವಾಗ ನಮ್ಮ ಮಣ್ಣಿನ ದಾರಿಯನ್ನು ಯಾರು ಕೇಳುತ್ತಾರೆ.

ಇನ್ನೊಂದು ಮಾತು ನಮ್ಮವರ ಬಾಯಲ್ಲಿ ಆಗಾಗ ಬರುತ್ತದೆ. "ಕಾಡಿನಿಂದ ನಮ್ಮನ್ನು ಹೊರಗೆ ಹಾಕುತ್ತಿದ್ದಾರೆ." ಇದನ್ನು ಕೇಳಿದಾಗ ನನಗೆ ಸ್ವಲ್ಪ ಮುಜುಗರವಾಗುತ್ತದೆ. ನಿಜವಾಗಿ ಹೊರಗೆ ಹಾಕಿಸಿಕೊಂಡವರು ಬೇರೆಯವರು. 1930ರಲ್ಲಿ ರಾಯಗಡ ಜಿಲ್ಲೆಯ ಚಿರನೇರ್‌ನಲ್ಲಿ ಜಂಗಲ್ ಸತ್ಯಾಗ್ರಹ ಆಯಿತು, ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಅದೇ ವರ್ಷ ನಮ್ಮ ಉತ್ತರ ಕನ್ನಡದಲ್ಲೂ ಅರಣ್ಯ ಸತ್ಯಾಗ್ರಹ ನಡೆಯಿತು. ಸೊಪ್ಪು, ಸೌದೆ, ಮೇವಿಗೆ ಕಾಡನ್ನೇ ನಂಬಿದವರು ಅವರು. ಅಂಥವರ ಹಕ್ಕನ್ನು ಕಾನೂನು ಒಪ್ಪಿಕೊಂಡಿದ್ದು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ. ಅದರ ಅರ್ಜಿಗಳೇ ಇನ್ನೂ ಮುಗಿದಿಲ್ಲ. ಆ ಸಾಲಿನಲ್ಲಿ ನಾವು ಎಲ್ಲೋ ಕೊನೆಯಲ್ಲಿ ನಿಲ್ಲುವವರು, ಅದೂ ಮೋಜಿಗಾಗಿ ಬಂದವರು. ಮೋಜು ತಪ್ಪು ಅನ್ನುತ್ತಿಲ್ಲ. ಕೇಳುವಾಗ ದನಿ ಸ್ವಲ್ಪ ತಗ್ಗಿರಲಿ ಅಂತ ಅಷ್ಟೇ.

ಈಗ ಹಾಳಾಗೋದು ಹೇಗೆ ಅಂತ ನೋಡೋಣ. ಇದನ್ನು ಸವಾರರು ಸವಾರರ ಕಣ್ಣಿಂದಲೇ ನೋಡಬೇಕು.

ಲೋಣಾವಳದಿಂದ ತುಂಗಾರ್ಲಿ ದಾಟಿ ರಾಜಮಾಚಿಗೆ ಹೋಗುವ ದಾರಿ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಅಂಥ ದಾರಿಯ ಒಂದು ಏರನ್ನು ನೆನಪಿಸಿಕೊಳ್ಳಿ. ಹೊಸಬ ಸೀಟಿನ ಮೇಲೇ ಕೂತು ಮೊದಲ ಗೇರಲ್ಲಿ ಥ್ರಾಟಲ್ ತಿರುವುತ್ತಾನೆ. ಹಿಂದಿನ ಚಕ್ರ ನಿಂತಲ್ಲೇ ಗಿರ್ರನೆ ತಿರುಗುತ್ತದೆ. ಮೊದಲು ಹುಲ್ಲು ಕಿತ್ತು ಬರುತ್ತದೆ, ಬೇರಿನ ಸಮೇತ. ಅದರ ಕೆಳಗಿನ ಮಣ್ಣು ಎಷ್ಟು? ಕೆಲವು ಕಡೆ ನಾಲ್ಕು ಬೆರಳೂ ಇಲ್ಲ. ಅದು ಹಿಂದೆ ನಿಂತವನ ಮುಖಕ್ಕೆ ಹಾರಿತು, ಎಲ್ಲರೂ ನಕ್ಕರು, ವಿಡಿಯೋ ಆಯಿತು. ಕೆಳಗೆ ಮುರುಮು, ಅಂದರೆ ಗರಸು, ಕಾಣಿಸಿತು. ಮುಂದಿನ ಬೈಕ್ ಅದೇ ಗೆರೆ ಹಿಡಿಯುತ್ತದೆ, ಯಾಕೆಂದರೆ ಚಕ್ರ ತಾನಾಗಿ ಅಲ್ಲಿಗೇ ಜಾರುತ್ತದೆ. ಗುಂಪಿನ ಕೊನೆಯ ಬೈಕ್ ಹತ್ತುವ ಹೊತ್ತಿಗೆ ಅಂಗೈ ಅಗಲದ ಕಾಲುವೆ ತಯಾರು. ಜೂನ್ ಬಂತು. ಸಹ್ಯಾದ್ರಿ ಮಳೆ ಅಂದರೆ ಏನು ಅಂತ ಗೊತ್ತಲ್ಲ, 2024ರ ಜುಲೈಯಲ್ಲಿ ತಾಮ್ಹಿಣಿಯಲ್ಲಿ ಒಂದೇ ದಿನ 550 ಮಿ.ಮೀ. ದಾಟಿತ್ತು, ಆವತ್ತೇ ಸಿಂಹಗಡ ರೋಡಿನಲ್ಲಿ ಮನೆಗಳಿಗೆ ನೀರು ನುಗ್ಗಿದ್ದು. ಅಂಥ ನೀರಿಗೆ ಇಳಿಯೋಕೆ ಒಂದು ಗೆರೆ ಸಿಕ್ಕರೆ ಮುಗಿಯಿತು. ಅಕ್ಟೋಬರ್‌ನಲ್ಲಿ ಹೋಗಿ ನೋಡಿದರೆ ಮೊಣಕಾಲುದ್ದ ಕೊರಕಲು. ಅದರಲ್ಲಿ ಬೈಕ್ ಹೋಗಲ್ಲ ಅಂತ ನಾವು ಪಕ್ಕದ ಹುಲ್ಲಿನ ಮೇಲೆ ಹೊಸ ಗೆರೆ ಹಾಕುತ್ತೇವೆ. ಒಂದು ದಾರಿ ಇದ್ದಿದ್ದು ಮೂರಾಗುತ್ತದೆ. ಕೆಸರಿನ ಹೊಂಡ ಬಂದಾಗಲೂ ಇದೇ. ಬಟ್ಟೆ ಕೊಳೆಯಾಗುತ್ತೆ ಅಂತ ಬದಿಯಿಂದ ಸುತ್ತಿ ಹೋಗುವ ಆಫ್‌ರೋಡರ್‌ಗಳನ್ನು ನೋಡಿದರೆ ನನಗೆ ನಗು ಬರುತ್ತದೆ. ಕೆಸರು ಬೇಡವಾದರೆ ಪೇಟೆಯೊಳಗಿನ ಎಫ್‌ಸಿ ರೋಡಿಗೆ ಹೋಗಿ ಸ್ವಾಮಿ.

ತಡೆಯೋದು ಕಷ್ಟವೇನಲ್ಲ. ಫುಟ್‌ಪೆಗ್ ಮೇಲೆ ಎದ್ದು ನಿಂತು, ಎರಡನೇ ಗೇರಲ್ಲಿ, ಕ್ಲಚ್ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ಹತ್ತಿದರೆ ಚಕ್ರ ಕೊರೆಯುವುದಿಲ್ಲ. ಟಯರಿನ ಗಾಳಿ 30 ಪಿಎಸ್‌ಐನಿಂದ 20ರ ಆಸುಪಾಸಿಗೆ ಇಳಿಸಿದರೆ ಹಿಡಿತ ಸಿಗುತ್ತದೆ, ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬಿಸಿ. ಕೊರಕಲು ಬಿದ್ದ ಕಡೆ ದಾರಿಗೆ ಅಡ್ಡವಾಗಿ, ಸ್ವಲ್ಪ ಓರೆಯಾಗಿ, ಕಲ್ಲಿನ ಒಂದು ಸಾಲು ಹೂತರೆ ನೀರು ಬದಿಗೆ ಹೋಗುತ್ತದೆ. ಊರಿನ ರೈತರಿಗೆ ಇದು ಗೊತ್ತು, ಹೊಲದಲ್ಲಿ ಬದು ಹಾಕುವವರೇ ಅವರು. ಹಾಗಂತ ನಾಳೆ ಗುದ್ದಲಿ ಹಿಡಿದು ಮೀಸಲು ಅರಣ್ಯಕ್ಕೆ ಹೊರಡಬೇಡಿ. ಅಲ್ಲಿ ಕಲ್ಲು ಹೂಳೋಕೂ ಅನುಮತಿ ಬೇಕು.

ಪುಣೆಯ ಪೂರ್ವಕ್ಕೆ ಬನ್ನಿ. ಸಾಸವಡ, ಸುಪೆ, ಬಾರಾಮತಿ, ಇಂದಾಪುರ ಕಡೆಯ ಬೋಳು ಗುಡ್ಡ, ಹುಲ್ಲುಗಾವಲು. ಅಲ್ಲಿಗೆ ಹೋಗುವವರು ಹೇಳೋದು ಒಂದೇ ಮಾತು, "ಅಲ್ಲೇನಿದೆ, ಖಾಲಿ ಜಾಗ." ಆ ಖಾಲಿ ಜಾಗದಲ್ಲಿ ತೋಳ ಇದೆ, ಚಿಂಕಾರ ಅನ್ನುವ ಹುಲ್ಲೆ ಇದೆ, ಕತ್ತೆಕಿರುಬ ಇದೆ. ಸುಪೆ ಹತ್ತಿರದ ಮಯೂರೇಶ್ವರ ಅಭಯಾರಣ್ಯ ಇರೋದೇ ಚಿಂಕಾರಕ್ಕಾಗಿ. ಕಡಬನವಾಡಿ, ಶಿರ್ಸುಫಳದ ಹುಲ್ಲುಗಾವಲಿನಲ್ಲಿ ಈಗ ಅರಣ್ಯ ಇಲಾಖೆಯೇ ಸಫಾರಿ ಶುರು ಮಾಡಿದೆ. ಟಿಟ್ಟಿಭದ ಗೂಡು ನೋಡಿದ್ದೀರಾ? ಗೂಡು ಅಂತ ಏನೂ ಇರುವುದಿಲ್ಲ. ಬೆಣಚುಕಲ್ಲಿನ ನಡುವೆ ಒಂದು ಸಣ್ಣ ತಗ್ಗು, ಅದರಲ್ಲಿ ಕಲ್ಲಿನ ಬಣ್ಣದ್ದೇ ನಾಲ್ಕು ಮೊಟ್ಟೆ, ಚೂಪಾದ ತುದಿ ಒಳಗೆ. ಎರಡು ಹೆಜ್ಜೆ ದೂರದಲ್ಲಿ ನಿಂತರೂ ಕಾಣಲ್ಲ. ಹಕ್ಕಿ ಮೇಲೆ ಹಾರುತ್ತಾ ಕಿರುಚುತ್ತದೆ, ಹೆಲ್ಮೆಟ್ ಒಳಗೆ ನಮಗೆ ಕೇಳಿಸುವುದಿಲ್ಲ. ಬೇಸಿಗೆ ತಿಂಗಳಲ್ಲೇ ಅದು ಮೊಟ್ಟೆ ಇಡೋದು, ಒಣಗಿದೆ, ಗ್ರಿಪ್ ಚೆನ್ನಾಗಿದೆ ಅಂತ ನಾವು ಹೋಗೋದೂ ಆಗಲೇ. ದಾರಿ ಬಿಟ್ಟು ಹುಲ್ಲಿನ ಮೇಲೆ ಬೈಕ್ ಹತ್ತಿಸೋದಕ್ಕೆ ನನ್ನ ಪ್ರಕಾರ ಯಾವ ವಿನಾಯಿತಿಯೂ ಇರಬಾರದು. ಮಳೆಗಾಲದಲ್ಲೂ ಬೇಡ, ಬೇಸಿಗೆಯಲ್ಲೂ ಬೇಡ. ಒಣಹುಲ್ಲಿನ ಮೇಲೆ ಕಾದ ಸೈಲೆನ್ಸರ್ ತಾಗಿದರೆ ಬೆಂಕಿ ಬೇರೆ.

ಚಕ್ರಕ್ಕೆ ಅಂಟಿದ ಮಣ್ಣಿನ ಜೊತೆ ಬೀಜವೂ ಬರುತ್ತದೆ. ಕಾಂಗ್ರೆಸ್ ಗಿಡ ನಮ್ಮ ದೇಶದಲ್ಲಿ ಹರಡುತ್ತಿದೆ ಅಂತ ಜನ ಗಮನಿಸಿದ್ದು 1950ರ ದಶಕದಲ್ಲಿ ಇದೇ ಪುಣೆಯಲ್ಲಿ. ಅದಕ್ಕೆ ಬೈಕ್ ಕಾರಣ ಅಲ್ಲ ಬಿಡಿ, ಆದರೆ ಒಂದು ಗುಡ್ಡದ ಕೆಸರನ್ನು ತೊಳೆಯದೆ ಇನ್ನೊಂದು ಗುಡ್ಡಕ್ಕೆ ಹೋಗುವ ಮುಂಚೆ ನೆನಪಿರಲಿ. ಸಾತಾರಾ ಹತ್ತಿರದ ಕಾಸ್ ಪಠಾರದಂಥ ಜಂಬಿಟ್ಟಿಗೆಯ ಬಯಲಿನಲ್ಲಿ ಕಲ್ಲಿನ ಮೇಲೆ ತೆಳ್ಳಗೆ ಮಣ್ಣು, ಅದರಲ್ಲೇ ಆ ಹೂವೆಲ್ಲ. 2012ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಪಶ್ಚಿಮ ಘಟ್ಟದ 39 ಜಾಗಗಳಲ್ಲಿ ಅದೂ ಒಂದು.

ಮಿಂಚುಹುಳದ ವಿಷಯ ಹೇಳಲೇಬೇಕು. ಮೇ ಕೊನೆ, ಜೂನ್ ಮೊದಲು, ರಾಜಮಾಚಿ ಕಡೆ ಮರಕ್ಕೆ ಮರವೇ ಮಿಣುಕುತ್ತದೆ. ಅದು ಜೋಡಿ ಹುಡುಕುವ ಬೆಳಕು. ಅಲ್ಲಿಗೆ ರಾತ್ರಿ ಬೈಕ್ ಹೋದರೆ ಏನಾಗುತ್ತದೆ? ಕಾರಿನವರಿಗಾದರೂ ಲೈಟ್ ಆರಿಸೋಕೆ ಬರುತ್ತದೆ. 2017ರ ಏಪ್ರಿಲ್‌ನಿಂದ ಬಂದ ಬೈಕುಗಳಲ್ಲಿ ಇಂಜಿನ್ ಚಾಲೂ ಇದ್ದರೆ ಹೆಡ್‌ಲೈಟ್ ಉರಿಯಲೇಬೇಕು, ಸ್ವಿಚ್ಚೇ ಇಲ್ಲ. ನಾವು ಎಷ್ಟೇ ಒಳ್ಳೆಯವರಾದರೂ ಕತ್ತಲಲ್ಲಿ ಹೋಗೋಕೆ ಆಗಲ್ಲ. ಹಾಗಾಗಿ ಆ ಮೂರ್ನಾಲ್ಕು ವಾರ ರಾತ್ರಿ ಬೈಕ್ ಬೇಡ ಅಂತ ನಾವೇ ಹೇಳಿಬಿಡಬೇಕು. ಅವರು ಹೇಳೋವರೆಗೆ ಕಾಯಬಾರದು.

ಇದೆಲ್ಲದಕ್ಕಿಂತ ನಮ್ಮ ಹೆಸರು ಕೆಡಿಸಿದ್ದು ಸೈಲೆನ್ಸರ್. ಮಣ್ಣು ಕೊರೆದಿದ್ದನ್ನು ನೋಡಿದವರು ಕಡಿಮೆ, ಸದ್ದು ಕೇಳಿದವರು ಊರಿಗೆ ಊರು. ಕಂಪನಿ ಸೈಲೆನ್ಸರ್ ಕಿತ್ತು ಬೇರೆ ಹಾಕಿದರೆ ಬೈಕಿಗೆ ಎಷ್ಟು ಶಕ್ತಿ ಬರುತ್ತದೋ ಗೊತ್ತಿಲ್ಲ, ಊರಿನ ಸರಪಂಚರಿಗೆ ಸಿಟ್ಟಂತೂ ಬರುತ್ತದೆ.

ಬೇರೆ ದೇಶದಲ್ಲಿ ಏನು ಮಾಡಿದರು ಅಂತ ಕೇಳುತ್ತೀರಿ. ಅಮೆರಿಕದಲ್ಲಿ 1972ರಲ್ಲಿ ಅಧ್ಯಕ್ಷ ನಿಕ್ಸನ್ ಒಂದು ಆದೇಶ ಹೊರಡಿಸಿದರು. ಸರ್ಕಾರಿ ಜಮೀನಿನಲ್ಲಿ ಇಂಥ ವಾಹನ ಎಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು ಅಂತ ಇಲಾಖೆಗಳು ಗುರುತಿಸಬೇಕು ಅಂತ. ಆದರೂ ಎಷ್ಟೋ ಕಾಡುಗಳಲ್ಲಿ ಬೋರ್ಡ್ ಇಲ್ಲದಿದ್ದರೆ ಹೋಗಬಹುದು ಅನ್ನುವ ಸ್ಥಿತಿಯೇ ಮುಂದುವರಿಯಿತು, ಜಗಳ, ಕೋರ್ಟು ಎಲ್ಲ ಆಯಿತು. ಕೊನೆಗೆ 2005ರಲ್ಲಿ ಅಲ್ಲಿನ ಅರಣ್ಯ ಸೇವೆ ನಿಯಮವನ್ನೇ ತಿರುಗಿಸಿತು. ಪ್ರತಿಯೊಂದು ರಾಷ್ಟ್ರೀಯ ಅರಣ್ಯಕ್ಕೂ ಒಂದು ನಕ್ಷೆ, ಯಾವ ದಾರಿಗೆ ಯಾವ ವಾಹನ, ಯಾವ ತಿಂಗಳು ಅಂತ ಅದರಲ್ಲೇ ಇರುತ್ತದೆ. ನಕ್ಷೆಯಲ್ಲಿ ಇಲ್ಲದ ದಾರಿ ಇಲ್ಲ. ಕ್ಯಾಲಿಫೋರ್ನಿಯಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಈ ಬೈಕುಗಳ ಶುಲ್ಕ ಮತ್ತು ಪೆಟ್ರೋಲ್ ತೆರಿಗೆಯ ಒಂದು ಪಾಲನ್ನು ಟ್ರೇಲ್ ನೋಡಿಕೊಳ್ಳೋಕೆ ಇಟ್ಟರು, ಸೈಲೆನ್ಸರ್ ಸದ್ದಿಗೆ 96 ಡೆಸಿಬೆಲ್ ಮಿತಿ ಹಾಕಿದರು, ಕಿಡಿ ಹಾರದ ಹಾಗೆ ಜಾಳಿಗೆ ಕಡ್ಡಾಯ ಮಾಡಿದರು. ಇಂಗ್ಲೆಂಡಿನದ್ದು ಬೇರೆ ಪಾಠ. ಅಲ್ಲಿ ಹಳೇ ಗಾಡಿದಾರಿಗಳಲ್ಲಿ ಮೋಟಾರು ಹಕ್ಕು ಇತ್ತು, ಆದರೆ ಎಷ್ಟೋ ದಾರಿ ದಾಖಲೆಗೆ ಸೇರಿರಲಿಲ್ಲ. 2006ರಲ್ಲಿ ಕಾನೂನು ಬಂದು ದಾಖಲೆಯಲ್ಲಿಲ್ಲದ ಅಂಥ ಹಕ್ಕುಗಳನ್ನು ಬಹುಪಾಲು ರದ್ದು ಮಾಡಿತು. ಸ್ವೀಡನ್ನಿನಲ್ಲಿ ಯಾರ ಕಾಡಿನಲ್ಲಾದರೂ ನಡೆಯಬಹುದು, ಡೇರೆ ಹಾಕಬಹುದು. ಮೋಟಾರು ಬೈಕ್ ಮಾತ್ರ ಬೇಡ, 1975ರಿಂದಲೇ ಅದಕ್ಕೆ ಕಾನೂನಿದೆ.

ಅಮೆರಿಕದ್ದನ್ನು ಇಲ್ಲಿಗೆ ಹಾಗೇ ತರೋಕಾಗಲ್ಲ. ಅಲ್ಲಿನ ಕಾಡಿನೊಳಗೆ ನಮ್ಮ ಹಾಗೆ ವಾಡಿ, ಪಾಡಾ ಅನ್ನುವ ಸಣ್ಣ ಹಾಡಿಗಳು, ಹೊಲ ಇರುವುದು ಅಪರೂಪ. ಆದರೆ ನಮ್ಮಲ್ಲೇ ನೋಡಿ ಕಲಿಯೋಕೆ ಇದೆ. ಸಿಂಹಗಡಕ್ಕೆ ಹೋದಾಗ ನಾಕಾದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರಲ್ಲ, ಅದರ ಹಿಂದೆ ಊರಿನವರ ವನ ಸಮಿತಿ ಇದೆ. ದೂಧಸಾಗರಕ್ಕೆ ಗೋವಾದ ಕುಳೆಯಿಂದ ಹೋಗೋದು ನೆನಪಿಸಿಕೊಳ್ಳಿ. ಅದು ಅಭಯಾರಣ್ಯ, ನಿಮ್ಮ ಗಾಡಿ ಒಯ್ಯೋ ಹಾಗಿಲ್ಲ, ಊರಿನವರ ಜೀಪು, ಮಳೆಗಾಲದಲ್ಲಿ ಬಂದ್. ಬೈದುಕೊಂಡೇ ಎಲ್ಲರೂ ಹೋಗುತ್ತಾರೆ. ಊರಿಗೆ ದುಡ್ಡು ಬರುತ್ತದೆ, ದಾರಿ ಒಂದೇ ಇರುತ್ತದೆ, ಲೆಕ್ಕ ಇರುತ್ತದೆ. ದಾರಿಗೆ ಸುಂಕ ಕೊಡೋದು ಈ ಘಟ್ಟಕ್ಕೆ ಹೊಸದೂ ಅಲ್ಲ. ಜುನ್ನರ್ ಹತ್ತಿರದ ನಾಣೇಘಾಟಿನಲ್ಲಿ ಸಾತವಾಹನರ ಕಾಲದ ಶಾಸನ ಇದೆ, ಪಕ್ಕದಲ್ಲೇ ದೊಡ್ಡ ಕಲ್ಲಿನ ಹರವಿ. ವ್ಯಾಪಾರಿಗಳು ಸುಂಕ ಹಾಕುತ್ತಿದ್ದದ್ದು ಅದರಲ್ಲೇ ಅನ್ನುತ್ತಾರೆ.

ಹಾಗಾದರೆ ಅರ್ಜಿಯಲ್ಲಿ ಏನು ಬರೆಯಬೇಕು? ನನ್ನ ಪ್ರಕಾರ ಹೊಸ ಟ್ರೇಲ್ ಕೇಳಲೇಬಾರದು. ಈಗಾಗಲೇ ಟ್ರ್ಯಾಕ್ಟರ್, ಜೀಪು ಓಡಾಡುವ ಒಂದು ಮಣ್ಣಿನ ರಸ್ತೆ, ಅಭಯಾರಣ್ಯದ ಹೊರಗೆ. ಅದು ಯಾವ ಗಟ್ ನಂಬರ್‌ಗಳಲ್ಲಿ ಹಾದು ಹೋಗುತ್ತದೆ ಅಂತ ನಕ್ಷೆ. ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಮಾತ್ರ, ಯಾಕೆಂದರೆ ಮಳೆಗಾಲದಲ್ಲಿ ಮಣ್ಣು ಹೋಗುತ್ತದೆ, ಫೆಬ್ರವರಿ ನಂತರ ಬೆಂಕಿಯ ಭಯ. ದಿನಕ್ಕೆ ಇಷ್ಟೇ ಬೈಕು. ಕಂಪನಿ ಸೈಲೆನ್ಸರ್, ನಂಬರ್ ಪ್ಲೇಟ್ ಕಾಣಬೇಕು. ಶುಲ್ಕ ಊರಿನ ವನ ಸಮಿತಿಗೆ. ಇದರ ಜೊತೆ ಗ್ರಾಮಸಭೆಯ ಒಪ್ಪಿಗೆ. ಅದು ಮೊದಲು ಬರಬೇಕು, ಅದಿಲ್ಲದೆ ಅರಣ್ಯ ಇಲಾಖೆಯ ಉಪವನಸಂರಕ್ಷಕರ ಕಚೇರಿಗೆ ಹೋಗಲೇಬೇಡಿ. ಪುಣೆ ವಿಭಾಗವೋ ಜುನ್ನರ್ ವಿಭಾಗವೋ ನೋಡಿಕೊಳ್ಳಿ, ತಪ್ಪು ಕಚೇರಿಗೆ ಕೊಟ್ಟರೆ ಕಾಗದ ಅಲ್ಲೇ ಮಲಗುತ್ತದೆ. ಪ್ರತಿ ವಿಭಾಗಕ್ಕೂ ಒಂದು ಕಾರ್ಯಯೋಜನೆ ಇರುತ್ತದೆ, ಮುಂದಿನ ವರ್ಷಗಳಲ್ಲಿ ಆ ಕಾಡಿನಲ್ಲಿ ಏನೇನು ನಡೆಯಬೇಕು ಅನ್ನೋದು ಅದರಲ್ಲೇ. ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾದ ಮೇಲೆ ಅದರಲ್ಲಿ ಸೇರಿಸಿದ ಪರಿಸರ ಪ್ರವಾಸೋದ್ಯಮದ ಸೌಲಭ್ಯಕ್ಕೆ ಹಾದಿ ಸ್ವಲ್ಪ ಸಲೀಸಾಗಿದೆ. ಬೈಕ್ ಅದರೊಳಗೆ ಬರುತ್ತದಾ ಅಂದರೆ ನನಗೆ ಅನುಮಾನವೇ, ಬರಬಾರದು ಅನ್ನುವವರ ವಾದಕ್ಕೂ ತೂಕ ಇದೆ. ಅದಕ್ಕೇ ಇರುವ ರಸ್ತೆಯನ್ನಷ್ಟೇ ಕೇಳಿ ಅನ್ನುತ್ತಿದ್ದೇನೆ.

ಮತ್ತೆ ಜಿಪಿಎಸ್ ಟ್ರ್ಯಾಕ್ ಹಂಚಬೇಡಿ. ಘಟ್ಟದ ಕಡೆಯ ಒಬ್ಬ ವನರಕ್ಷಕರು ಒಮ್ಮೆ ಟಪರಿಯಲ್ಲಿ ಚಹಾ ಕುಡಿಯುತ್ತಾ ಹೇಳಿದರು, "ಸಾಹೇಬ್, ನೀವು ನಾಲ್ಕು ಜನ ಬಂದು ಹೋದರೆ ನನಗೆ ಗೊತ್ತೂ ಆಗಲ್ಲ. ನೀವು ಫೋನಲ್ಲಿ ಏನೋ ಕಳಿಸುತ್ತೀರಿ ನೋಡಿ, ಮುಂದಿನ ವಾರ ನಲವತ್ತು ಬೈಕು ಬರುತ್ತೆ. ನನ್ನ ಹತ್ತಿರ ಇರೋದು ಒಂದು ಲಾಠಿ." ಅವರ ಬೀಟ್ ಎಷ್ಟು ದೊಡ್ಡದು ಅಂತ ಕೈ ತೋರಿಸಿದರು. ಈ ಗುಡ್ಡದಿಂದ ಆ ಗುಡ್ಡದವರೆಗೆ.

ಇನ್ನು ಪ್ರಶ್ನೆಗಳು.

ಒಬ್ಬರು ಸ್ವಲ್ಪ ಬಿಸಿಯಾಗಿಯೇ ಕೇಳಿದರು. "ಗುಡ್ಡ ಅಗೆದು ರಿಸಾರ್ಟ್ ಕಟ್ಟುತ್ತಾರೆ, ಕಲ್ಲು ಒಡೆಯುತ್ತಾರೆ, ಅದಕ್ಕೆಲ್ಲ ಬಿಡ್ತಾರೆ, ನಮ್ಮ ಬೈಕ್ ಮಾತ್ರ ಕಣ್ಣಿಗೆ ಬೀಳುತ್ತಾ?" ಹೌದು ಸರ್, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಒಂದು ರಿಸಾರ್ಟಿಗೆ ಜೆಸಿಬಿ ಮಾಡುವ ಹಾನಿ ನೂರು ಬೈಕ್ ಮಾಡಲ್ಲ. ಅದರ ವಿರುದ್ಧ ಅರ್ಜಿ ಕೊಡಿ, ನಾನೂ ಸಹಿ ಹಾಕುತ್ತೇನೆ. ಆದರೆ ಅವರು ಮಾಡಿದರು ಅಂತ ನಮಗೆ ಹಕ್ಕು ಹುಟ್ಟುವುದಿಲ್ಲ.

ಹಿರಿಯರೊಬ್ಬರು, ಕೊಥ್ರೂಡಿನವರು, "ನಾನು ದಿನಾ ಬೆಳಿಗ್ಗೆ ವೇತಾಳ ಟೇಕಡಿಗೆ ವಾಕಿಂಗ್ ಹೋಗ್ತೀನಪ್ಪ, ಅಲ್ಲೂ ಬೈಕ್ ತರ್ತಾರೆ, ಏನು ಹೇಳ್ತೀಯಾ?" ಅಂದರು. ಅದಕ್ಕೆ ಹೇಳೋಕೆ ಏನೂ ಇಲ್ಲ ಅಮ್ಮ. ನಗರದ ಟೇಕಡಿ, ಅಂದರೆ ಗುಡ್ಡ, ನಡೆಯುವವರದ್ದು. ಅಲ್ಲಿಗೆ ಬೈಕ್ ತರುವವನನ್ನು ಸವಾರ ಅಂತ ನಾನು ಒಪ್ಪಲ್ಲ. ನಂಬರ್ ಬರೆದುಕೊಂಡು ದೂರು ಕೊಡಿ.

ಇನ್ಶೂರೆನ್ಸ್ ಬಗ್ಗೆಯೂ ಕೇಳಿದರು. ರೇಸು, ಸ್ಪೀಡ್ ಟೆಸ್ಟಿಂಗ್ ಸಾಮಾನ್ಯವಾಗಿ ಪಾಲಿಸಿಯಲ್ಲಿ ಹೊರಗೇ ಇರುತ್ತದೆ. ಹೊರಗಿನಿಂದ ತರಿಸಿದ ಮೋಟೋಕ್ರಾಸ್ ಬೈಕಿಗೆ ನೋಂದಣಿಯೇ ಆಗಲ್ಲ, ಅದನ್ನು ಪಿಕಪ್‌ನಲ್ಲಿ ಹಾಕಿಕೊಂಡೇ ಹೋಗಬೇಕು. ಊರಿನ ರಸ್ತೆಗೂ ಇಳಿಸುವ ಹಾಗಿಲ್ಲ.

ಕೊನೆಗೆ ಒಬ್ಬ ಹುಡುಗ, ಹೊಸದಾಗಿ ಎಕ್ಸ್‌ಪಲ್ಸ್ ಕೊಂಡವನು, "ಹಾಗಾದರೆ ಅಣ್ಣ, ಅರ್ಜಿಗೆ ಉತ್ತರ ಬರೋವರೆಗೆ ಎಲ್ಲಿ ಕಲಿಯೋದು?" ಅಂತ ಕೇಳಿದ. ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಅನ್ನುವ ಬಹುದಿನದ ಕಷ್ಟದ ಆಫ್‌ರೋಡ್ ರೇಸ್ ಮುಗಿಸಿ ಬಂದರು, ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ಅನ್ನುವ ಆಫ್‌ರೋಡ್ ರೇಸುಗಳ ಮಹಿಳಾ ವಿಶ್ವಕಪ್ ಗೆದ್ದರು. ಅಂಥವರ ದಾರಿ ಹಿಡಿಯಬೇಕಾದರೆ ಮೊದಲು ಮುಚ್ಚಿದ ಟ್ರ್ಯಾಕ್. ಸಂತೋಷ್ ಅವರೇ ಕೋಲಾರದ ಕಡೆ ಕಲಿಸುವ ಜಾಗ ಮಾಡಿದ್ದಾರೆ. ಎರಡು ದಿನ ಅಲ್ಲಿ ಬಿದ್ದು ಎದ್ದು ಕಲಿತದ್ದು ಒಂದು ವರ್ಷ ಘಟ್ಟದಲ್ಲಿ ಸುಮ್ನೆ ಅಲೆದರೂ ಬರಲ್ಲ. ಪುಣೆ ಸುತ್ತ ಅಂದರೆ ಪಾಣಂದ ರಸ್ತೆಗಳಿವೆ. ಹೊಲಕ್ಕೆ ಹೋಗೋಕೆ ಊರಿನ ನಕಾಶೆಯಲ್ಲೇ ಬಿಟ್ಟಿರುವ ಮಣ್ಣಿನ ದಾರಿಗಳು. ಸುಗ್ಗಿ ಮುಗಿದ ಮೇಲೆ ಹೋಗು, ಮಳೆಗಾಲದಲ್ಲಿ ಬೇಡ, ನೀನು ಕೊರೆದ ಗುಂಡಿಯಲ್ಲಿ ಅವರ ಕಬ್ಬಿನ ಟ್ರಾಲಿ ಸಿಕ್ಕಿಹಾಕಿಕೊಳ್ಳುತ್ತದೆ. ದನ, ಕುರಿ ಎದುರು ಬಂದರೆ ಇಂಜಿನ್ ಆಫ್ ಮಾಡಿ ನಿಲ್ಲು. ಇನ್ನೊಂದು, ಕೆಲಸ ನಿಂತ ಖಾಸಗಿ ಕಲ್ಲುಕ್ವಾರಿಗಳು. ಮಾಲೀಕರ ಹತ್ತಿರ ಹೋಗಿ ಕೇಳು, ಬಾಯಿಮಾತಲ್ಲಿ ಬಿಡಬೇಡ, ಒಂದು ಸಾಲು ಬರೆಸಿಕೋ. ಒಬ್ಬನೇ ಹೋಗಬೇಡ. ನೀರು ತುಂಬಿದ ಕ್ವಾರಿಯ ಅಂಚಿಗಂತೂ ಹೋಗಲೇಬೇಡ, ಅಲ್ಲಿ ಮಣ್ಣು ಗಟ್ಟಿ ಇದ್ದ ಹಾಗೆ ಕಾಣುತ್ತದೆ, ಬೈಕಿನ ಭಾರಕ್ಕೆ ಕುಸಿಯುತ್ತದೆ.